ಡಾಕ್ಟರಮ್ಮನ ಬಲಗೈ ಊಟ

ಮುಂಗೈ ದಾಟಿದ ಸಾರು ಮೊಣಕೈವರೆಗೆ ಇಳಿಯುತ್ತಿತ್ತು. ಬೆರಳಿಗೆ ಮೆತ್ತಿದ ರಾಗಿಮುದ್ದೆ ಬಾಯಿಗೆ ಹೋಗುವ ಬದಲು ಗಲ್ಲಕ್ಕೆ ಹತ್ತಿತ್ತು. ನಮ್ಮ ಡಾಕ್ಟರಮ್ಮನನ್ನು ನೆನೆದರೆ ನನಗೆ ಮೊದಲು ಕಾಣುವುದೇ ಇದು. ಐವತ್ತು ದಾಟಿದ, ಅಷ್ಟು ಓದಿಕೊಂಡ ಹೆಂಗಸು ಹಿರೇಗುಂಟನೂರಿನ ನಮ್ಮ ಪಡಸಾಲೆಯಲ್ಲಿ ಕೂತು ಬಲಗೈಯಲ್ಲಿ ಉಣ್ಣಲು ಒದ್ದಾಡುತ್ತಿದ್ದರು. ಅವರು ಹುಟ್ಟಿನಿಂದಲೇ ಎಡಚರು.

ಔಷಧಿ ಬರೆದುಕೊಡುವ ಡಾಕ್ಟರಲ್ಲ ಅವರು. ಲಕ್ವ ಹೊಡೆದ ವಯಸ್ಸಾದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೇಗೆ ಚೇತರಿಸಿಕೊಳ್ಳುತ್ತಾರೆ ಎಂದು ಸಂಶೋಧನೆ ಮಾಡುತ್ತ, ದುರ್ಗದಿಂದ ಜೀಪಿನಲ್ಲಿ ಊರೂರು ತಿರುಗುತ್ತಿದ್ದರು. ಹುಟ್ಟೂರು ಹೊಸದುರ್ಗದ ಕಡೆಯ ಬಾಗೂರು, ಹಾಗಾಗಿ ಮಾತು ನಮ್ಮದೇ. ಅವರ ಅಜ್ಜಿಯೂ ಲಕ್ವ ಹೊಡೆದು ಹಾಸಿಗೆ ಹಿಡಿದವರಂತೆ. "ಪ್ರೀತಿ ಮಾಡೀ ಮಾಡೀ ನಮ್ಮಜ್ಜೀನ ಮಂಚದ ಮ್ಯಾಲೇ ಉಳಿಸಿಬಿಟ್ವಿ" ಎನ್ನುತ್ತಿದ್ದರು.

ನಮ್ಮತ್ತೆಗೆ ಹೊಡೆದದ್ದು ಬಲಭಾಗಕ್ಕೆ. ಕುರಿ ಕಾದು, ಉಣ್ಣೆ ನೂತು, ಮನೆಮಂದಿಗೆಲ್ಲ ಮುದ್ದೆ ಕಟ್ಟಿದ ಕೈ ಮಡಿಲಲ್ಲಿ ಬಿದ್ದುಕೊಂಡಿತು. ಎಡಗೈಯಲ್ಲಿ ಉಣ್ಣಿ ಎಂದರೆ ಮುಖ ತಿರುಗಿಸುವರು. ಎಡಗೈ ಎಂಜಲು ಮಾಡುವುದು ನಮ್ಮ ಮನೆಯಲ್ಲಿ ಆಗದ ಮಾತು. ನಾನು ತುತ್ತು ಕಟ್ಟಿ ಬಾಯಿಗಿಟ್ಟರೆ, "ನಾನೇನು ಕೂಸೇನೇ?" ಎಂದು ತೊದಲಿ ಬಾಯಿ ಮುಚ್ಚುವರು. ದಿನದಿನಕ್ಕೆ ಸೊರಗಿದರು. ಹೀಗೇ ಆದರೆ ಅತ್ತೆ ಉಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು.

ಡಾಕ್ಟರಮ್ಮ ಮೊದಲ ಸಲ ಬಂದಾಗ ಒಂದು ಡಬ್ಬಿ ಮರದ ಗೂಟಗಳನ್ನು ತಂದಿದ್ದರು. ಸೋತ ಕೈಯಿಂದ ಒಂದೊಂದನ್ನೇ ಎತ್ತಿ ತೂತಿಗೆ ಸಿಕ್ಕಿಸಬೇಕು. ಹುಡುಗರ ಆಟ ಎಂದು ಅತ್ತೆ ಅತ್ತ ನೋಡಲೂ ಇಲ್ಲ. ಬೇರೆಯವರಾಗಿದ್ದರೆ ಬೇಸತ್ತು ಎದ್ದು ಹೋಗುತ್ತಿದ್ದರೇನೋ. ಇವರು ಡಬ್ಬಿ ಮುಚ್ಚಿ, ಅಜ್ಜಿ ಇಷ್ಟೊಂದು ಸೊರಗಿರುವುದು ಯಾಕೆ ಎಂದು ನನ್ನನ್ನು ಕೇಳಿದರು. ಎಡಗೈಯ ಕತೆ ಹೇಳಿದೆ. ಅವರ ಮುಖ ಅರಳಿತು. ಗಟ್ಟಿಯಿರುವ ಕೈಗೆ ಬಟ್ಟೆ ಕಟ್ಟಿಟ್ಟು, ಸೋತ ಕೈಗೆ ಕೆಲಸ ಕಲಿಸುವ ಒಂದು ಪದ್ಧತಿಯೇ ಇದೆಯಂತೆ.

"ಇಲ್ಲಿ ಬಟ್ಟೆ ಯಾಕ್ರಿ? ಅಜ್ಜಿ ಹಟಾನೇ ಆ ಕೈ ಕಟ್ಟಿ ಹಾಕೈತೆ. ನೀವು ಮುದ್ದೆ ಮಾಡ್ರಿ."

ಅತ್ತೆಯ ಬೆರಳು ಒಂದಿಷ್ಟು ಅಲ್ಲಾಡುತ್ತವೆ, ನುಂಗಲು ತೊಂದರೆಯಿಲ್ಲ ಎಂದು ಪರೀಕ್ಷಿಸಿಕೊಂಡು, ಎರಡು ತಟ್ಟೆ ಇಡಿಸಿದರು. ಒಂದಕ್ಕೆ ತಾವೇ ಬಲಗೈ ಹಾಕಿದರು. ಸಾರು ಮೊಣಕೈಗೆ ಇಳಿದದ್ದು ಆಗಲೇ. ಅತ್ತೆ ನೋಡಿದರು, ಸೊಟ್ಟ ಬಾಯಲ್ಲೇ ನಕ್ಕುಬಿಟ್ಟರು. ಕಾಯಿಲೆ ಬಿದ್ದ ಮೇಲೆ ನಾವು ಕಂಡ ಮೊದಲ ನಗು ಅದು.

"ನಿಂಗೂ ಲಕ್ವ ಹೊಡೆದೈತೇನವ್ವ?"

"ಹೂಂ ಕಣಜ್ಜಿ, ನನ್ನ ಬಲಗೈಯೂ ದಂಡ. ಇಬ್ರೂ ಕಲಿಯಾಣ."

ಅತ್ತೆಯ ಕೈ ತಟ್ಟೆಯ ಕಡೆ ತೆವಳಿತು. ನಾನು ಸಹಾಯಕ್ಕೆ ಬಗ್ಗಿದೆ. ಡಾಕ್ಟರಮ್ಮ ಗದರಿದರು: "ನೀವು ಒಳಗೆ ಹೋಗ್ರಿ. ನೀವಿದ್ರೆ ಆ ಬೆರಳು ಸೋಮಾರಿಯಾಗ್ತವೆ." ನಾನು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ.

ಊರು ಸುಮ್ಮನಿದ್ದೀತೇ? ಸೊಸೆ ಮುದುಕಿಯ ಮುಂದೆ ತಟ್ಟೆ ಎಸೆದು ಒಳಗೆ ಸೇರಿಕೊಳ್ಳುತ್ತಾಳೆ ಎಂದು ಮಾತು ಹಬ್ಬಿತು. ನೀರು ತರಲು ಹೋಗುವುದೇ ಕಷ್ಟವಾಯಿತು. ಇದು ಡಾಕ್ಟರಮ್ಮನ ಕಿವಿಗೆ ಬಿತ್ತು. ಮುಂದಿನ ಸಲ ಬಂದವರು ಮನೆಯೊಳಗೆ ಕಾಲಿಡುವ ಮೊದಲು ಅಕ್ಕಪಕ್ಕದ ಹೆಂಗಸರನ್ನು ಜಗಲಿಗೆ ಕರೆದರು. "ಉಣಿಸಬ್ಯಾಡ ಅಂದೋಳು ನಾನು. ಬೈಯಂಗಿದ್ರೆ ನನಗೆ ಬೈಯ್ರಿ." ಆಮೇಲೆ ಯಾರೂ ಬೈಯಲಿಲ್ಲ. ನನ್ನ ಪರವಾಗಿ ಹಾಗೆ ಇಡೀ ಬೀದಿಗೆ ಕೇಳುವಂತೆ ಮಾತಾಡಿದವರು ಅವರೊಬ್ಬರೇ.

ಬಂದಾಗಲೆಲ್ಲ ಅತ್ತೆಯ ಪಕ್ಕ ಕೂತು ಬಲಗೈಯಲ್ಲೇ ಉಂಡರು. ಅತ್ತೆ ಕಲಿತರು, ಮೊದಲು ಚೂರುಪಾರು, ಆಮೇಲೆ ತುತ್ತು, ಕೊನೆಗೆ ಇಡೀ ಮುದ್ದೆ. ಮೈಗೆ ಬಲ ಬಂತು. ಡಾಕ್ಟರಮ್ಮ ಮಾತ್ರ ಕಲಿಯಲೇ ಇಲ್ಲ.

ನಿವೃತ್ತರಾದ ಮೇಲೆ ಒಮ್ಮೆ ಸುಮ್ಮನೆ ನೋಡಿಕೊಂಡು ಹೋಗಲು ಬಂದರು. ಅಂದು ಅತ್ತೆಯೇ ತಟ್ಟೆ ಇಟ್ಟರು. ಡಾಕ್ಟರಮ್ಮ ಅಭ್ಯಾಸಬಲದಿಂದ ಬಲಗೈ ಚಾಚಿದರು. ಅತ್ತೆ ಆ ಕೈ ಹಿಡಿದುಕೊಂಡರು.

"ಎಡಗೈಲೇ ಉಣ್ಣು ತಾಯಿ."

ಡಾಕ್ಟರಮ್ಮನ ಕಣ್ಣು ತುಂಬಿತು. ಎಡಗೈಯಲ್ಲಿ ಉಂಡರು, ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು.

ಈ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ಅತ್ತೆ ಊಟಕ್ಕೆ ಕೂತಿದ್ದರು. ಬೆರಳುಗಳು ತಟ್ಟೆಯಲ್ಲೇ ನಿಂತವು. ಆಮೇಲೆ ಅಂದರು:

"ನಮ್ಮನೇಲಿ ಅವಳು ಹೊಟ್ಟೆ ತುಂಬ ಉಂಡಿದ್ದು ಆವತ್ತೊಂದೇ ದಿನ ಕಣೇ."