ಸೇತುವೆಯ ಫಲಕಕ್ಕಾಗಿ ಅರ್ಧ ವಾದ

ಎರಡು ಸಾವಿರದ ಹತ್ತರ ದಶಕದಲ್ಲಿ ನಾನು ಹೌನ್ಸ್ಲೋ ಎಂಬ ಇಂಗ್ಲಿಷ್ ಊರಿನಲ್ಲಿ ಒಬ್ಬನೇ ಬಾಡಿಗೆಗಿದ್ದೆ. ಕೆಲಸ ಮುಗಿಸಿ ಬಸ್ಸಿಳಿದು ಫ್ಲ್ಯಾಟಿಗೆ ನಡೆಯುವ ದಾರಿಯಲ್ಲಿ ಒಂದು ಇಟ್ಟಿಗೆಯ ಸೇತುವೆಯಿತ್ತು. ಕೆಳಗೆ ಹರಿಯುವುದನ್ನು ನದಿಯೆಂದು ಕರೆಯಲು ನಮ್ಮ ಕಡೆಯವರಿಗೆ ಧೈರ್ಯ ಬೇಕು. ಕೈಗೋಡೆಗೆ ಎರಕದ ಕಬ್ಬಿಣದ ಫಲಕವೊಂದನ್ನು ಬಿಗಿದಿದ್ದರು: ಭಾರವಾದ ಉಗಿ ಎಂಜಿನುಗಳು ಇಲ್ಲಿ ದಾಟಕೂಡದೆಂದು ಕೌಂಟಿ, ಎಂದರೆ ಅಲ್ಲಿನ ಜಿಲ್ಲಾಡಳಿತ, ಕೊಟ್ಟ ಎಚ್ಚರಿಕೆ. ಉಗಿ ಎಂಜಿನುಗಳು ಹೋಗಿದ್ದವು. ಎಚ್ಚರಿಸಿದ ಕೌಂಟಿಯ ಆಡಳಿತವೂ ಹೋಗಿತ್ತು. ವಾರಾಂತ್ಯವಿಡೀ ಯಾರೊಡನೆಯೂ ಮಾತಿಲ್ಲದ ನನಗೆ, ಕೇಳುವವರಿಲ್ಲದಿದ್ದರೂ ತನ್ನ ಮಾತು ಬಿಡದ ಆ ಫಲಕ ಆಪ್ತವಾಗಿತ್ತು. ದಿನವೂ ನಿಂತು ಓದುತ್ತಿದ್ದೆ.

ಸೇತುವೆಯ ದುರಸ್ತಿಯಲ್ಲಿ ಅದನ್ನು ತೆಗೆಯುತ್ತಾರೆಂದು ತಿಳಿಯಿತು. ಸಾರ್ವಜನಿಕರಿಗಾಗಿ ಬರೆದದ್ದು ಸಾರ್ವಜನಿಕರ ಕಣ್ಣೆದುರೇ ಇರಬೇಕೆಂಬುದು ನನ್ನ ನಿಲುವು. ನಿವಾಸಿಗಳ ಸಭೆಯಲ್ಲಿ ಮಾತಾಡಲು ಹೆಸರು ಕೊಟ್ಟೆ. ನಾನು ಊಟ ಮಾಡುತ್ತಿದ್ದ ಹೋಟೆಲಿನ ಕುಂದಾಪುರದ ಯಜಮಾನರನ್ನೂ ಕರೆದೆ.

"ತುಕ್ಕು ಹಿಡಿದ ಬೋರ್ಡಿಗೆ ಹೋರಾಟವಾ ಮಾರಾಯ್ರೆ?" ಎಂದು ಅವರು ನಕ್ಕರು. "ಇಷ್ಟು ಪುರುಸೊತ್ತಿದ್ರೆ ಒಂದು ಮದುವೆ ಆಗ್ಲಿಕ್ಕಿತ್ತಲ್ಲ ನೀವು!"

"ಬಂದು ಕೂತರೆ ಸಾಕು, ನೀವು ಮಾತಾಡುವುದು ಬೇಡ."

"ಸಂಜೆ ಅಂದ್ರೆ ವ್ಯಾಪಾರದ ಹೊತ್ತು. ಗೆದ್ದು ಬನ್ನಿ, ದೋಸೆ ನನ್ನದು."

ಒಬ್ಬನೇ ಹೋದೆ. ಕಾಲೇಜಿನ ಚರ್ಚಾಕೂಟದಲ್ಲಿ ನಮಗೊಂದು ಶಿಸ್ತು ಕಲಿಸಿದ್ದರು: ಎದುರು ಪಕ್ಷದ ವಾದವನ್ನು ಮೊದಲು ಅವರಿಗಿಂತ ಚೆನ್ನಾಗಿ ಮಂಡಿಸಬೇಕು, ಖಂಡನೆ ಆಮೇಲೆ. ಅದೇ ಪ್ರಾಮಾಣಿಕ ಮಾರ್ಗವೆಂದು ಈಗಲೂ ನಂಬಿದ್ದೇನೆ. ಫಲಕಕ್ಕೆ ತುಕ್ಕು ಹಿಡಿದಿದೆ, ಆ ಆಜ್ಞೆಗೆ ಬಲವಿಲ್ಲ, ಚಾಲಕರಿಗೆ ಗೊಂದಲವಾದೀತು ಎಂಬುದನ್ನೆಲ್ಲ ಸಾಂಗವಾಗಿ ವಿವರಿಸಿದೆ. ಕೂತಿದ್ದವರು ಒಪ್ಪಿ ತಲೆಯಾಡಿಸಿದರು. "ಆದರೆ, ಮಾನ್ಯ ಅಧ್ಯಕ್ಷರೇ..." ಎನ್ನುವಷ್ಟರಲ್ಲಿ ಅಧ್ಯಕ್ಷೆ ಗಡಿಯಾರ ತೋರಿಸಿದರು.

"ನಿಮ್ಮ ಸಮಯ ಮುಗಿಯಿತು. ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ವಂದನೆಗಳು. ತೆಗೆಯುವುದಕ್ಕೆ ಯಾರದಾದರೂ ಆಕ್ಷೇಪವಿದೆಯೇ?"

ಕೈ ಎತ್ತಿದೆ. "ನೀವು ಆಗಲೇ ಮಾತಾಡಿದಿರಲ್ಲ," ಎಂದರು, ಬಹಳ ಮೃದುವಾಗಿ. ಬೇರೆ ಯಾವ ಕೈಯೂ ಏಳಲಿಲ್ಲ.

ಯಜಮಾನರು ಕಥೆ ಕೇಳಿ, ಏನೂ ತಮಾಷೆ ಮಾಡದೆ ದೋಸೆ ತಂದಿಟ್ಟು ಒಳಗೆ ಹೋದರು.

ಕೆಲವು ವಾರಗಳ ಬಳಿಕ ಒಂದು ಸಂಜೆ ಫಲಕವಿರಲಿಲ್ಲ. ಅದಿದ್ದಷ್ಟು ಅಗಲದ ಇಟ್ಟಿಗೆ ಮಾತ್ರ ಮಸಿ ಕಾಣದೆ ಕೆಂಪಗೆ ಉಳಿದಿತ್ತು. ಅದರೆದುರು ನಿಂತು, "ಆದರೆ" ಎಂಬಲ್ಲಿಂದ ಮುಂದಿನದನ್ನು ಮೆಲುದನಿಯಲ್ಲಿ ಹೇಳಿ ಮುಗಿಸಿದೆ. ಯಾರೂ ಗಡಿಯಾರ ತೋರಿಸಲಿಲ್ಲ.