ಬೊಮ್ಮನಹಳ್ಳಿಯ ತಾರಸಿಯಲ್ಲೊಂದು ಸೊಮಾಲಿ ಚುನಾವಣೆ

ಹಾಜರಿ ಕರೆಯುವಾಗ ನನ್ನ ಕ್ಲಾಸಿನಲ್ಲಿ ದಿನವೂ ಒಂದು ನಗು ಗ್ಯಾರಂಟಿ. ನಾನು 'ಹೋದನ್' ಎಂದು ಕರೆಯುತ್ತೇನೆ. ಹಿಂದಿನ ಬೆಂಚಿನಿಂದ ಯಾವನಾದರೂ ಒಬ್ಬ 'ಎಲ್ಲಿಗೆ ಹೋದ ಮೇಡಂ?' ಅನ್ನುತ್ತಾನೆ. ಮೂರನೇ ಸಾಲಿನಲ್ಲಿ ಕೂತ ಸೊಮಾಲಿಯಾದ ಹುಡುಗಿ ಎದ್ದು ನಿಂತು, 'ಎಲ್ಲೂ ಓಗಿಲ್ಲ ಮ್ಯಾಮ್, ಇಲ್ಲೇ ಇವ್ನಿ' ಅನ್ನುತ್ತಾಳೆ.

ಹೋದನ್ ಅವಳ ಹೆಸರು. ಅವರ ಭಾಷೆಯಲ್ಲಿ ಸಮೃದ್ಧಿ ಎಂದರ್ಥವಂತೆ. ಕನ್ನಡ ಕಲಿತದ್ದು ಬೊಮ್ಮನಹಳ್ಳಿಯ ತನ್ನ ಮನೆಯೊಡತಿ ಮುನಿಯಮ್ಮನಿಂದ. ಗಾರ್ಮೆಂಟ್ ಫ್ಯಾಕ್ಟರಿಗಳು ಬರುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅದು. ಈಗ ಅದೇ ನೆಲದ ಮೇಲೆ ಮೂರು ಮಹಡಿ, ಎಂಟು ಬಾಡಿಗೆ ಮನೆ. ಹಾಗಾಗಿ ನಮ್ಮ ಹುಡುಗಿ ಇಂಗ್ಲಿಷನ್ನು ಟಿವಿ ವಾರ್ತೆಯವರಂತೆ, ಕನ್ನಡವನ್ನು ಆನೇಕಲ್ ಸಂತೆಯವರಂತೆ ಮಾತಾಡುತ್ತಾಳೆ. ಮುನಿಯಮ್ಮನ ಬಾಯಲ್ಲಿ 'ಹ' ನಿಲ್ಲುವುದಿಲ್ಲವಾದ್ದರಿಂದ ಆ ಮನೆಯಲ್ಲಿ ಅವಳು 'ಓದನ್'. (ಓದುವ ಹುಡುಗಿಗೆ ಅದೇ ಸರಿಯಾದ ಹೆಸರು ಎಂದು ನನ್ನ ಮತ.)

ಕಳೆದ ತಿಂಗಳು ಅವಳು ಸ್ಟಾಫ್ ರೂಮಿಗೆ ಬಂದು, ಬೆಂಗಳೂರಿನ ಸೊಮಾಲಿ ವಿದ್ಯಾರ್ಥಿಗಳ ಸಂಘಕ್ಕೆ ಚುನಾವಣೆ ಇದೆ, ನೀವೇ ಆಫೀಸರ್ ಆಗಬೇಕು ಅಂದಳು.

'ನಾನೇ ಯಾಕಮ್ಮ?'

'ನಿಮಗೆ ಕುಲ ಇಲ್ಲ ಮ್ಯಾಮ್. ಅದಕ್ಕೇ ಎಲ್ಲರೂ ಒಪ್ಪಿದರು.'

ಐವತ್ತೆರಡು ವರ್ಷದಿಂದ ಈ ರಾಜ್ಯದಲ್ಲಿ ಬದುಕಿದ್ದೇನೆ. ಬಾಡಿಗೆ ಮನೆ ಹುಡುಕುವಾಗ, ಮದುವೆಯ ಮಾತು ನಡೆಯುವಾಗ, ಬಡ್ತಿಯ ಪಟ್ಟಿ ಬರುವ ಮುನ್ನ ಎಲ್ಲರೂ ನನ್ನ ಕುಲ ವಿಚಾರಿಸಿದ್ದಾರೆ. ಬಾಯಿಬಿಟ್ಟು ಕೇಳಲಾರದವರು ಊರು ಕೇಳಿ, ಊಟ ಕೇಳಿ, ಅಪ್ಪನ ಹೆಸರು ಕೇಳಿ ತಾವೇ ಪತ್ತೆ ಹಚ್ಚಿದ್ದಾರೆ. ನಿಮಗೆ ಕುಲವೇ ಇಲ್ಲ ಎಂದು ಒಬ್ಬರಾದರೂ ಹೇಳಿದ್ದು ಇದೇ ಮೊದಲು. ಒಪ್ಪದೆ ಇರುವುದು ಹೇಗೆ? ಅಲ್ಲದೆ ಅನುದಾನಿತ ಕಾಲೇಜಿನ ಮೇಷ್ಟ್ರ ಕೆಲಸದಲ್ಲಿ ಮೂರು ಸಲ ಮತಗಟ್ಟೆಯ ಡ್ಯೂಟಿ ಮಾಡಿದವಳು ನಾನು. ಚುನಾವಣೆ ನಡೆಸುವುದು ನನಗೆ ಉಪ್ಪಿಟ್ಟು ಕೆದಕಿದಷ್ಟೇ ಸಲೀಸು.

ಆಮೇಲೆ ಅವಳು ಬಿಡಿಸಿ ಹೇಳಿದಳು. ಸೊಮಾಲಿಯಾದಲ್ಲಿ ಭಾಷೆ ಒಂದೇ, ಧರ್ಮ ಒಂದೇ. ಜಗಳವೆಲ್ಲ ಕುಲದ್ದು. ಈಚೆಗೆ ಅಲ್ಲಿ ಹೊಸ ಸಂಸತ್ತು ಕೂತಿತಲ್ಲ, ಅದರ ಸೀಟು ಹಂಚಿದ್ದು 'ನಾಲ್ಕೂವರೆ' ಎಂಬ ಸೂತ್ರದಲ್ಲಿ. ನಾಲ್ಕು ದೊಡ್ಡ ಕುಲಗಳಿಗೆ ಸಮನಾದ ನಾಲ್ಕು ಪಾಲು. ಉಳಿದ ಸಣ್ಣ ಪುಟ್ಟವರಿಗೆಲ್ಲ ಸೇರಿಸಿ ಅರ್ಧ ಪಾಲು. ಕುಲದ ಹಿರಿಯರು ಸಂಸದರನ್ನು ಆರಿಸಿದರು, ಸಂಸದರು ಅಧ್ಯಕ್ಷರನ್ನು ಆರಿಸಿದರು. ಜನ ಟಿವಿ ನೋಡಿದರು.

'ನೀನು ಯಾವುದರಲ್ಲಿ ಬರುತ್ತೀ?'

'ಅರ್ಧದಲ್ಲಿ,' ಅಂದಳು. ತಾತ ಚರ್ಮ ಹದ ಮಾಡುತ್ತಿದ್ದವರು. ಅಪ್ಪ ಈಗ ನೈರೋಬಿಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾರೆ. ದೊಡ್ಡ ಕುಲದವರು ಅವರ ಕೈಯಲ್ಲಿ ಚಪ್ಪಲಿ ಕೊಳ್ಳುತ್ತಾರೆ, ಹೆಣ್ಣು ತರುವುದಿಲ್ಲ. (ಇದನ್ನು ಕೇಳಿದ ಕನ್ನಡದ ಕಿವಿಗೆ ಹೆಚ್ಚಿನ ವಿವರಣೆ ಬೇಕೇ?)

ಬೆಂಗಳೂರಿನ ಸಂಘವೂ ಅದೇ ಸೂತ್ರದಲ್ಲಿ ನಡೆಯುತ್ತಿತ್ತು. ಅಧ್ಯಕ್ಷಗಿರಿ ನಾಲ್ಕು ಕುಲಗಳಲ್ಲಿ ಸರದಿಯ ಮೇಲೆ ಸುತ್ತುತ್ತದೆ. ಅರ್ಧದವರಿಗೆ ಜಂಟಿ ಕಾರ್ಯದರ್ಶಿಯ ಹುದ್ದೆ, ಅದೂ ಆರು ತಿಂಗಳಿಗೆ ಮಾತ್ರ. ಅರ್ಧ ಕುಲಕ್ಕೆ ಅರ್ಧ ವರ್ಷ. ಲೆಕ್ಕ ಪಕ್ಕಾ.

ವಿದ್ಯಾರ್ಥಿ ಸಂಘದಲ್ಲಿ ಏನು ಮಹಾ ಇದೆ ಅನ್ನುತ್ತೀರಾ? ನಾನೂ ಹಾಗೇ ಅಂದೆ. ಅವಳು ಇಫ್ರಾಳ ಕಥೆ ಹೇಳಿದಳು. ಇಫ್ರಾ ಅವಳ ರೂಂಮೇಟ್, ಅದೇ ಅರ್ಧ ಪಾಲಿನವಳು. ಹೋದ ವರ್ಷ ಡೆಂಗಿ ಬಂದು ಪ್ಲೇಟ್‌ಲೆಟ್ ಕುಸಿಯಿತು. ಹೋದನ್ ಸಂಘಕ್ಕೆ ಫೋನ್ ಮಾಡಿದಳು. 'ಅವರು ಬ್ಲಡ್ ಗ್ರೂಪ್ ಕೇಳಲಿಲ್ಲ ಮ್ಯಾಮ್. ಮೊದಲು ಅವಳ ತಾತನ ತಾತನ ಹೆಸರು ಕೇಳಿದರು.' ಒಂದು ಹಗಲು ಹಾಗೇ ಕಳೆಯಿತು. ಕೊನೆಗೆ ರಕ್ತ ಕೊಟ್ಟವರು ಮುನಿಯಮ್ಮನ ಕೆಳಮನೆಯಲ್ಲಿ ಬಾಡಿಗೆಗಿದ್ದ ರಾಯಚೂರಿನ ಇಬ್ಬರು ಗಾರೆ ಕೆಲಸದವರು. ಇಫ್ರಾ ಉಳಿದಳು. ಹೋದನ್ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದೆಂದು ತೀರ್ಮಾನಿಸಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು. ಸರದಿ ಬೇಡ, ಒಬ್ಬರಿಗೊಂದು ವೋಟು ಎಂದು ವರ್ಷವಿಡೀ ವಾದಿಸಿ ಗೆದ್ದಿದ್ದಳು. ಈಗ ಚುನಾವಣೆ ಗೆಲ್ಲಬೇಕಿತ್ತು.

ಎದುರಾಳಿ ಅಬ್ದಿರಶೀದ್. ಎಂಬಿಎ ಕೊನೆಯ ವರ್ಷ, ಎತ್ತರದ ಆಳು, ಮೆಲುದನಿ. ಅವನೂ ನನ್ನನ್ನು ನೋಡಲು ಬಂದ. ಕಾಲೇಜಿನ ಗೇಟಿನೆದುರು ಟೀ ಕುಡಿಯುತ್ತಾ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: 'ಮೇಡಂ, ನಾನು ಹುಟ್ಟಿದ ಬೀದಿಯಲ್ಲಿ ಎರಡು ಕುಲದವರು ವರ್ಷಗಟ್ಟಲೆ ಗುಂಡು ಹಾರಿಸಿಕೊಂಡರು. ನನ್ನ ಅಣ್ಣ ಹೋದದ್ದು ಅದರಲ್ಲೇ. ನಾಲ್ಕೂವರೆ ಸೂತ್ರ ಚೆಂದ ಇಲ್ಲ, ಒಪ್ಪುತ್ತೇನೆ. ಆದರೆ ಅದು ಬಂದ ಮೇಲೆ ಅವರು ಬಂದೂಕು ಬಿಟ್ಟು ಕುರ್ಚಿಗೆ ಜಗಳ ಆಡುತ್ತಿದ್ದಾರೆ.'

'ಅರ್ಧದವರ ಗತಿ?'

ಅವನು ಟೀ ಲೋಟ ಕೆಳಗಿಟ್ಟ. 'ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ,' ಅಂದ.

ಇಲ್ಲ ಎಂದದ್ದಕ್ಕೇ ಅವನು ನನಗೆ ಹಿಡಿಸಿದ. ಟಿಕೆಟ್ ಹಂಚುವ ನಮ್ಮ ನಾಯಕರಲ್ಲಿ ಎಷ್ಟು ಜನ ಅಷ್ಟಾದರೂ ಹೇಳಿಯಾರು?

ಚುನಾವಣೆ ಭಾನುವಾರ ಬೆಳಿಗ್ಗೆ. ಶನಿವಾರ ಮಧ್ಯಾಹ್ನ, ಬಾಡಿಗೆಗೆ ಹಿಡಿದಿದ್ದ ಹಾಲ್‌ನವರು ಆಗುವುದಿಲ್ಲ ಅಂದುಬಿಟ್ಟರು. ಕಾರಣ ಕೇಳಿದರೆ 'ಏರಿಯಾದವರು ಅಬ್ಜೆಕ್ಷನ್ ಮಾಡ್ತಾರೆ ಮೇಡಂ, ಫಾರಿನರ್ಸ್ ಅಲ್ವಾ' ಅಂತೆ. (ಇವರೇ ಕೆಂಪು ಚರ್ಮದ ಫಾರಿನರ್ ಬಂದಿದ್ದರೆ ಹಾರ ತರುತ್ತಿದ್ದರು.) ಆಗ ಮುನಿಯಮ್ಮ ತಮ್ಮ ತಾರಸಿ ಕೊಟ್ಟರು. ಶೀಟು ಹೊದಿಸಿದ ಅರ್ಧ ಭಾಗದಲ್ಲಿ ನೆರಳು, ಉಳಿದರ್ಧದಲ್ಲಿ ಬಟ್ಟೆ ಒಣಹಾಕುವ ಹಗ್ಗ. ಅವರ ಷರತ್ತು ಒಂದೇ: 'ಗಲಾಟೆ ಗಿಲಾಟೆ ಆದ್ರೆ ಎಲ್ರುನೂ ಕೆಳಿಕಿಳುಸ್ತೀನಿ.'

ಇಬ್ಬರು ಅಭ್ಯರ್ಥಿಗಳ ಕಥೆ ಕೇಳಿ ಮುನಿಯಮ್ಮನಿಗೆ ಆಶ್ಚರ್ಯ. 'ಇವ್ರಲ್ಲೂ ಜಾತಿ ಐತಾ ಮೇಡಂ? ನೋಡಾಕೆ ಎಲ್ಲಾ ಒಂದೇ ತರ ಅವ್ರೆ.'

'ನಾವು ಅವರಿಗೆ ಹಾಗೇ ಕಾಣುತ್ತೀವಂತೆ,' ಅಂದೆ.

ಆಯಮ್ಮ ಸೆರಗು ಸರಿಮಾಡಿಕೊಂಡರು. 'ಅದೆಂಗೆ? ನಾವು ಗೊತ್ತಾಗಾಕಿಲ್ವಾ?'

ನಾನು ಎಲ್ಲವನ್ನೂ ನಮ್ಮ ಪದ್ಧತಿಯಲ್ಲೇ ಮಾಡಿದೆ. ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಅರಗಿನ ಸೀಲು. ಮತಚೀಟಿಗಳಿಗೆ ನಂಬರು, ಅದೇ ನಂಬರಿನ, ನಾವು ಹರಿದು ಇಟ್ಟುಕೊಳ್ಳುವ ಕೌಂಟರ್‌ಫಾಯಿಲ್, ಅದರ ಮೇಲೆ ಮತದಾರರ ಸಹಿ. ಬೆರಳಿಗೆ ಅಳಿಸಿಹೋಗದ ಮಾರ್ಕರ್. ಹೊಸೂರು ರಸ್ತೆ, ಸರ್ಜಾಪುರ, ದೂರದ ಚಿಕ್ಕಬಾಣಾವರದಿಂದಲೂ ಹುಡುಗ ಹುಡುಗಿಯರು ಬಂದು, ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಸಾಲಾಗಿ ನಿಂತರು. ಎಷ್ಟೋ ಜನಕ್ಕೆ ಅದು ಬದುಕಿನ ಮೊದಲ ವೋಟು. ಒಬ್ಬ ಹುಡುಗಿಯಂತೂ ಮಸಿ ಹಚ್ಚಿದ ಬೆರಳಿನ ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು.

ಫೋನುಗಳು ಸುಮ್ಮನಿರಲಿಲ್ಲ. ದುಬೈಯಿಂದ, ಲಂಡನ್ನಿನಿಂದ, ಅಮೆರಿಕದಿಂದ ಚಿಕ್ಕಪ್ಪಂದಿರ ಕರೆ. ಬೊಮ್ಮನಹಳ್ಳಿಯಲ್ಲಿ ಯಾರು ಮುಂದಿದ್ದಾರೆ? ನಮ್ಮ ಕಾರ್ಪೊರೇಟರ್ ಚುನಾವಣೆಗೆ ಇಷ್ಟು ದೇಶಗಳು ಯಾವತ್ತೂ ತಲೆ ಕೆಡಿಸಿಕೊಂಡಿಲ್ಲ.

ಎಣಿಸಿದೆವು. ಒಟ್ಟು ನೂರ ಇಪ್ಪತ್ತೊಂದು ಮತ. ಒಂದು ಅಸಿಂಧು. (ಪುಣ್ಯಾತ್ಮ ಇಬ್ಬರಿಗೂ ಗುರುತು ಹಾಕಿದ್ದ.) ಅಬ್ದಿರಶೀದ್ ಅರವತ್ತಾರು, ಹೋದನ್ ಐವತ್ನಾಲ್ಕು.

ಸೋತಳು. ಆದರೆ ಗೆದ್ದವನಿಗೆ ಚಪ್ಪಾಳೆ ಬರಲಿಲ್ಲ, ನೆರೆದವರು ಮುಖ ಮುಖ ನೋಡಿಕೊಂಡರು. ನನಗೆ ಅರ್ಥವಾಗಲಿಲ್ಲ. ಇಫ್ರಾ ಕಿವಿಯಲ್ಲಿ ಹೇಳಿದಳು, ಈ ಊರಿನಲ್ಲಿ ಅರ್ಧದವರು ಇರುವುದೇ ಒಂಬತ್ತು ಜನ. ಉಳಿದ ನಲವತ್ತೈದು ವೋಟು ದೊಡ್ಡ ಕುಲದವರವು. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದುದು ಅದಕ್ಕೇ.

ಅಷ್ಟರಲ್ಲಿ ಒಬ್ಬ ಹುಡುಗ ನನ್ನ ಕೈಗೆ ಫೋನ್ ಕೊಟ್ಟ. ಆ ಕಡೆ ನೈರೋಬಿಯಲ್ಲಿರುವ ಅವನ ಕುಲದ ಹಿರಿಯರೊಬ್ಬರು. ಬಹಳ ಮರ್ಯಾದೆಯ ಇಂಗ್ಲಿಷ್. ಚೀಟಿಗೆ ನಂಬರಿದೆ, ಕೌಂಟರ್‌ಫಾಯಿಲಿನಲ್ಲಿ ಸಹಿ ಇದೆಯಂತೆ, ತಮ್ಮ ಮನೆತನದ ಮಕ್ಕಳು ಯಾರಿಗೆ ಹಾಕಿದರೆಂದು ದಯವಿಟ್ಟು ನೋಡಿ ಹೇಳಬೇಕು ಅಂದರು. ನನ್ನ ಜಾಣತನವೇ ನನ್ನ ಕೊರಳಿಗೆ ಬಂದಿತ್ತು. ಹುಡುಗ ನೆಲ ನೋಡುತ್ತಾ ನಿಂತಿದ್ದ. ಅವನ ಬೆರಳಿನ ಮಸಿ ಎದ್ದು ಕಾಣುತ್ತಿತ್ತು.

'ಸಾರ್,' ಅಂದೆ, 'ನಮ್ಮ ದೇಶದಲ್ಲಿ ಹೆಂಡತಿಯ ವೋಟು ಗಂಡನಿಗೂ ಗೊತ್ತಾಗುವುದಿಲ್ಲ.'

'ಗಂಡ ಕೇಳುವುದಿಲ್ಲವೇ?'

'ಕೇಳುತ್ತಾನೆ. ಅವಳು ಸುಳ್ಳು ಹೇಳುತ್ತಾಳೆ.'

ಆ ಕಡೆ ಮುದುಕರು ನಕ್ಕರು. ಆದರೆ ಬಿಡಲಿಲ್ಲ, ನಾಳೆ ಮತ್ತೆ ಮಾತಾಡೋಣ ಅಂದರು. ಇನ್ನೊಂದು ಫೋನೂ ನನ್ನ ಕಡೆ ಬರುತ್ತಿರುವುದು ಕಂಡಿತು.

ಆಗ ಅಬ್ದಿರಶೀದ್ ಎದ್ದು ಬಂದ. ಫಲಿತಾಂಶಕ್ಕೆ ತಾನು ಸಹಿ ಹಾಕಿ, ಹೋದನ್ ಕೈಯಲ್ಲೂ ಹಾಕಿಸಿದ. ನನ್ನ ಮೇಜಿನ ಮೇಲಿದ್ದ ಕೌಂಟರ್‌ಫಾಯಿಲ್ ಕಟ್ಟನ್ನು ತೋರಿಸಿ, 'ಇದರ ಕೆಲಸ ಮುಗಿಯಿತೇ ಮೇಡಂ?' ಅಂತ ಕೇಳಿದ. ಮುಗಿಯಿತು ಅಂದೆ. ಅದನ್ನು ಎತ್ತಿಕೊಂಡು ಕೆಳಗಿಳಿದ. ಎಲ್ಲರೂ ಹಿಂದೆಯೇ ಇಳಿದೆವು. ಮುನಿಯಮ್ಮನ ಬಚ್ಚಲ ಒಲೆಯಲ್ಲಿ ಭಾನುವಾರದ ಸ್ನಾನದ ನೀರು ಕಾಯುತ್ತಿತ್ತು. ಅವನು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹಿಡಿ ಒಲೆಗೆ ಹಾಕಿದ.

'ಗೆದ್ದವನು ನೀನು. ನಿನಗ್ಯಾಕಪ್ಪ ಭಯ?' ಅಂತ ಕೇಳಿದೆ.

'ನನ್ನ ರೂಮಿನಲ್ಲೇ ಇಬ್ಬರು ಅವಳಿಗೆ ಹಾಕಿರಬಹುದು ಮೇಡಂ. ನಾನು ಅವರ ಜೊತೆ ಊಟ ಮಾಡಬೇಕು,' ಅಂದ.

ಈ ಮಾತು ಕೇಳಿದ ಮೇಲೆ ಚಪ್ಪಾಳೆ ಬಂತು. ಮೊದಲು ತಟ್ಟಿದವಳು ಹೋದನ್. ಮುನಿಯಮ್ಮ ಮಾತ್ರ, 'ಕಾಗದ ಆಕ್ಬೇಡ್ರಪ್ಪ, ಬೂದಿ ಜಾಸ್ತಿ ಆಯ್ತದೆ,' ಅಂದರು.

ಜಂಟಿ ಕಾರ್ಯದರ್ಶಿ ಆಗು, ಆರು ತಿಂಗಳಲ್ಲ, ಪೂರ್ತಿ ವರ್ಷ ಎಂದು ಅಬ್ದಿರಶೀದ್ ಅಲ್ಲೇ ಕೇಳಿದ. ಹೋದನ್ ಒಪ್ಪಲಿಲ್ಲ. ಕೊಟ್ಟದ್ದು ಬೇಡ, ಬರುವ ವರ್ಷ ಮತ್ತೆ ನಿಲ್ಲುತ್ತೇನೆ ಅಂದಳು. ಒಂದು ಮಾತನ್ನು ಮಾತ್ರ ಕೇಳಿ ಪಡೆದಳು: ಯಾರಾದರೂ ಆಸ್ಪತ್ರೆ ಸೇರಿದರೆ ಸಂಘದವರು ಮೊದಲು ಬ್ಲಡ್ ಗ್ರೂಪ್ ಕೇಳಬೇಕು. ಅವನು ಎಲ್ಲರೆದುರು ಆಗಲಿ ಎಂದ.

ನಾನು ಬಸ್ ಸ್ಟಾಪಿಗೆ ಹೊರಟಾಗ ಅವಳೂ ಜೊತೆಗೆ ಬಂದಳು. ಹೊಸೂರು ರಸ್ತೆಯ ತುಂಬಾ ಭಾನುವಾರದ ಸಂತೆಗೆ ಹೊರಟ ಗಾರ್ಮೆಂಟ್ ಹೆಣ್ಣುಮಕ್ಕಳು. ಬೇಜಾರಾಯಿತಾ ಎಂದು ಕೇಳಿದೆ.

'ಸ್ವಲ್ಪ ಆಯ್ತು ಮ್ಯಾಮ್,' ಅಂದಳು. ಆಮೇಲೆ ಇಂಗ್ಲಿಷಿಗೆ ತಿರುಗಿದಳು. 'ಇಲ್ಲಿಗೆ ಬಂದ ದಿನದಿಂದ ನಮ್ಮವರು ಯಾರೇ ಎದುರಾದರೂ ಇವರು ನನ್ನನ್ನು ಅರ್ಧ ಅಂದುಕೊಳ್ಳುತ್ತಾರೆ ಎಂದೇ ತಿಳಿದು ತಲೆ ತಗ್ಗಿಸಿ ಹೋಗುತ್ತಿದ್ದೆ. ಇನ್ನು ಹಾಗೆ ಮಾಡಲಾರೆ. ಆ ನಲವತ್ತೈದರಲ್ಲಿ ಇವರೂ ಒಬ್ಬರಿರಬಹುದಲ್ಲ? ಯಾರೆಂದು ಗೊತ್ತಿಲ್ಲ, ಅದಕ್ಕೆ ಎಲ್ಲರನ್ನೂ ಮಾತಾಡಿಸಬೇಕು.'

ಬಸ್ಸು ಬಂತು. ಕಿಟಕಿ ಪಕ್ಕ ಕೂತು ನನ್ನ ಮೂವತ್ತು ವರ್ಷದ ವೋಟುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಸಿಲ್ಕ್ ಬೋರ್ಡ್ ಬರುವ ಹೊತ್ತಿಗೆ ನನಗೆ ನಾಚಿಕೆಯಾಗಿತ್ತು. ನಿಮ್ಮನ್ನೂ ಕೇಳುತ್ತೇನೆ, ಉತ್ತರ ನನಗೆ ಹೇಳುವುದು ಬೇಡ.

ನಿಮ್ಮವರೊಬ್ಬರು ಕಣದಲ್ಲಿರುವಾಗ, ನಿಮ್ಮವರಲ್ಲದವರಿಗೆ ನೀವು ಕೊನೆಯ ಸಲ ವೋಟು ಹಾಕಿದ್ದು ಯಾವಾಗ?