ಮಧ್ಯಾಹ್ನದ ಕೋಲಾಟ

ಮನುಷ್ಯನ ತಲೆ ಗೋಡೆಗೆ ಬಡಿದಾಗ ಬರುವ ಸದ್ದು ದೊಡ್ಡದೇನಲ್ಲ. ಅಕ್ಕಿ ಮೂಟೆಯನ್ನು ಬೆನ್ನಿನಿಂದ ನೆಲಕ್ಕೆ ಇಳಿಸಿದ ಹಾಗೆ ಮಂದವಾಗಿ ಕೇಳುತ್ತದೆ. ಹೊಸೂರಿನ ಶಾಲೆಗಳಲ್ಲಿ ಆಯುಷ್ಯವೆಲ್ಲ ಕನ್ನಡ ಕಲಿಸಿ, ಗಂಡ ತೀರಿಕೊಂಡ ಮೇಲೆ ನಾನೇ ಇಷ್ಟಪಟ್ಟು ಬಂದು ಸೇರಿದ ಹಿರಿಯರ ನಿವಾಸದಲ್ಲಿ ಆ ಸದ್ದನ್ನು ಮೊದಲ ಸಲ ಕೇಳಿದೆ. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಅಡ್ಡಾಗಿದ್ದ ಹೊತ್ತು. ಪಕ್ಕದ ಕೋಣೆಯಿಂದ ಒಂದು ಸಲ ಬಂತು. ಸ್ವಲ್ಪ ಬಿಟ್ಟು ಮತ್ತೊಂದು ಸಲ. ಸ್ಟೀಲ್ ಲೋಟವೊಂದು ನೆಲದ ಮೇಲೆ ಉರುಳಿಕೊಂಡು ಹೋಯಿತು. ಕೂಗು ಮಾತ್ರ ಇರಲಿಲ್ಲ. ಕೂಗು ಇಲ್ಲದ್ದರಿಂದಲೇ ನನಗೆ ಅನುಮಾನ ಬಂದದ್ದು. ಏನಾದರೂ ಬಿದ್ದರೆ ಯಾರಾದರೂ 'ಅಯ್ಯೋ' ಅನ್ನುತ್ತಾರೆ.

ನಮ್ಮ ನಿವಾಸ ಇರುವುದು ಕೆಲಮಂಗಲದ ರಸ್ತೆಯಿಂದ ಸ್ವಲ್ಪ ಒಳಗೆ, ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಚಪ್ಪರಗಳ ಮಗ್ಗುಲಲ್ಲಿ. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸುವ ವ್ಯಾಯಾಮ, ಆಮೇಲೆ ಪೇಪರ್ ಓದು, ಸಂಜೆ ಭಜನೆ, ಕೇರಂ. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಊಟದ ಮೇಜಿನ ಮೇಲೆ ಓಡಾಡುತ್ತಿದ್ದವು. ಜಗಳವೆಂದರೆ ಫ್ಯಾನ್ ಎಷ್ಟರಲ್ಲಿ ತಿರುಗಬೇಕು, ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ, ಅಷ್ಟೇ.

ಆ ದಂಪತಿ ನನ್ನ ಪಕ್ಕದ ಕೋಣೆಗೆ ಬಂದದ್ದು ಅವರೆಕಾಯಿ ಕಾಲದಲ್ಲಿ. ಮೂಲ ಮಾಲೂರಿನ ಕಡೆಯವರು. ಆತ ಹರೆಯದಲ್ಲೇ ಹೊಸೂರಿನ ಕಾರ್ಖಾನೆಗೆ ಸೇರಿ ಫೋರ್‌ಮನ್ ಆಗಿ ನಿವೃತ್ತರಾಗಿದ್ದರು. ನಾವೂ ಅವರನ್ನು ಫೋರ್‌ಮನ್ ಎಂದೇ ಕರೆದೆವು. ಎತ್ತರದ ಆಳು, ಕೈಯಲ್ಲಿ ಊರುಗೋಲು, ಇಸ್ತ್ರಿ ಹಾಕಿದ ಅಂಗಿ. ಬಂದ ವಾರದಲ್ಲೇ ಬೆಳಗಿನ ವ್ಯಾಯಾಮ ಅವರ ವಶವಾಯಿತು. ಸೀಟಿ ಊದಿ, "ಏನ್ ಸಾರ್, ನೈಟ್ ಶಿಫ್ಟ್ ಮಾಡಿದ್ರಾ? ಕೈ ಮೇಲೆತ್ತಿ!" ಎಂದು ಗದರಿದರೆ ಗಂಡಸರೆಲ್ಲ ಮಕ್ಕಳ ಹಾಗೆ ನಕ್ಕು ಕೈಯೆತ್ತುತ್ತಿದ್ದರು. ಕೆಟ್ಟ ಗೀಸರ್ ರಿಪೇರಿ ಮಾಡಿಕೊಟ್ಟರು. ನನಗೂ ಅವರು ಇಷ್ಟವಾಗಿದ್ದರು. ಸುಳ್ಳು ಯಾಕೆ ಹೇಳಲಿ.

ಹೆಂಡತಿ ಹೊರಗೆ ಬರುತ್ತಿದ್ದದ್ದು ಕಡಿಮೆ. ಸಣ್ಣ ಮೈಯ ಹೆಂಗಸು, ಮಧ್ಯಾಹ್ನದ ಬಿಸಿಲಲ್ಲೂ ಮೊಣಕೈ ದಾಟಿದ ತೋಳಿನ ರವಿಕೆ. ಮಾತಾಡಿಸಿದರೆ ಕತ್ತು ತಿರುಗಿಸಿ ಬಲಗಿವಿಯನ್ನು ಮುಂದೆ ಒಡ್ಡುತ್ತಿದ್ದಳು. ಆ ಸದ್ದು ಕೇಳಿದ ಮರುದಿನ, ಹೆಂಗಸರೆಲ್ಲ ಹಾಲ್‌ನಲ್ಲಿ ಸುತ್ತ ಕೂತು ಅವರೆಕಾಳು ಹಿಸುಕುತ್ತಿದ್ದಾಗ, ಅವಳೂ ಬಂದು ಕೂತಳು. ಕೆನ್ನೆ ಊದಿಕೊಂಡು ನೀಲಿಗಟ್ಟಿತ್ತು.

"ಬಾತ್ರೂಮ್ನಾಗೆ ಜಾರ್ಬುಟ್ಟೆ," ಎಂದಳು, ಯಾರೂ ಕೇಳದೆಯೇ.

ನಮ್ಮಲ್ಲಿ ಕೃಷ್ಣಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬರಿದ್ದರು. ತಮಿಳು ಮನೆಮಾತು, ಕನ್ನಡ ಹರಕು ಮುರುಕು, ನಾಲಿಗೆ ಮಾತ್ರ ಚೂಪು. ಅವರು ಕೈಯಲ್ಲಿದ್ದ ಕಾಳನ್ನು ಬಟ್ಟಲಿಗೆ ಹಾಕಿ, ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಏಮ್ಮಾ, ಬಾತ್ರೂಮಿಗೆ ಐದು ಬೆರಳು ಇರುತ್ತಾ?"

ಅವಳು ಗಲ್ಲ ಬಿಡಿಸಿಕೊಂಡು ಮತ್ತೆ ಹಿಸುಕತೊಡಗಿದಳು. ಸಿಪ್ಪೆಯಿಂದ ಕಾಳು ಪಟ್‌ ಪಟ್‌ ಎಂದು ಹಾರುತ್ತಿತ್ತು.

ಆಮೇಲೆ ನಾನು ಕಿವಿ ಮುಚ್ಚಿಕೊಂಡರೂ ಕೇಳುತ್ತಿತ್ತು. ವಾರಕ್ಕೊಮ್ಮೆ, ಕೆಲವು ಸಲ ಎರಡು ಸಲ. ಒಂದು ದಿನ ಸಹಿಸದೆ ಗೋಡೆಗೆ ಜೋರಾಗಿ ಗುದ್ದಿದೆ. ಸದ್ದು ನಿಂತಿತು. ಸಂಜೆ ಫೋರ್‌ಮನ್ ಎದುರಿಗೆ ಸಿಕ್ಕಿ ನಗುತ್ತಾ, "ಟೀಚರ್, ನಿಮ್ಮ ಕಡೆ ಗೋಡೆಗೆ ಮೊಳೆ ಹೊಡೀತಿದ್ರಾ? ನನ್ಗೆ ಹೇಳಿದ್ರೆ ನಾನೇ ಹೊಡ್ಕೊಡ್ತಿದ್ನಲ್ಲಾ," ಎಂದರು.

ನಾನೂ ನರ್ಸಮ್ಮನೂ ಮ್ಯಾನೇಜರ್ ಹತ್ತಿರ ಹೋದೆವು. ಆತ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದ: "ಗಂಡ ಹೆಂಡ್ತಿ ವಿಷಯ, ಟೀಚರ್. ರೂಮಿನ ಒಳಗೆ ನಡೆಯೋದಕ್ಕೆ ನಾವು ಹೆಂಗೆ ಕೈ ಹಾಕೋದು? ಡಾಕ್ಟರು ಬೇರೆ ಹೇಳಿದಾರೆ, ಅವ್ರಿಗೆ ಮರೆವಿನ ಕಾಯಿಲೆ ಶುರುವಾಗಿದೆಯಂತೆ. ಅದ್ರಲ್ಲಿ ಕೋಪ ಜಾಸ್ತಿ ಆಗುತ್ತಂತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು."

"ಯಾರು?" ಎಂದು ಕೇಳಿದೆ. ಆತ ಫೋನ್ ಕೈಗೆತ್ತಿಕೊಂಡ.

ಕಾಯಿಲೆಯ ಮಾತು ನಿಜವೇ ಇತ್ತು. ಫೋರ್‌ಮನ್ ಒಮ್ಮೊಮ್ಮೆ ತಿಂಡಿ ತಿಂದದ್ದು ಮರೆತು ಮತ್ತೆ ಬಂದು ಕೂರುತ್ತಿದ್ದರು. ಆದರೆ ಒಂದು ಮಧ್ಯಾಹ್ನ ಅವರು ಆಸ್ಪತ್ರೆಗೆ ಹೋಗಿದ್ದಾಗ ಅವಳು ನನ್ನ ಕೋಣೆಗೆ ಬಂದು, ಕುರ್ಚಿ ತೋರಿಸಿದರೂ ನೆಲದ ಮೇಲೆ ಕೂತು ಹೇಳಿದ್ದೇ ಬೇರೆ.

"ಮದ್ವೆಯಾದ ತಿಂಗ್ಳೇ ಶುರುವಾಯ್ತು ಟೀಚರಮ್ಮಾ. ಸಾರಿಗೆ ಉಪ್ಪು ಕಮ್ಮಿ ಅಂತ. ಕೆಪಾಳಕ್ಕೆ ಹೊಡೆದ್ರು ನೋಡಿ, ಈ ಎಡಗಿವೀಲಿ ಕುಯ್ ಅಂತು. ಅವತ್ತಿಂದ ಅದ್ರಾಗೆ ಏನೂ ಕೇಳಿಸಾಕಿಲ್ಲ."

"ಯಾರಿಗೂ ಹೇಳಲಿಲ್ಲವಾ?"

"ನಮ್ಮವ್ವನ್ಗೆ ಹೇಳ್ದೆ. ಒಗ್ಗೋಯ್ತದೆ ಬಿಡು ಅಂದ್ಲು."

"ಒಗ್ಗಿತಾ?"

"ಅವ್ರಿಗೆ ಒಗ್ತು," ಎಂದಳು.

ಪೊಲೀಸಿಗೆ ಹೇಳೋಣವೆಂದರೆ ಕೈ ಮುಗಿದಳು. ಕೃಷ್ಣಗಿರಿಯಲ್ಲಿದ್ದ ಮಗಳಿಗೆ ಹೇಳೋಣವೆಂದರೆ, "ಅವ್ಳ್ ಸಂಸಾರ ಅವ್ಳಿಗಾಗ್ಲಿ," ಎಂದಳು. ಕೊನೆಗೆ ನರ್ಸಮ್ಮ ಒಂದು ಉಪಾಯ ಹುಡುಕಿದರು. ಹೊಡೆತ ಬೀಳುವುದು ಊಟವಾದ ಮೇಲೆ, ಕದ ಹಾಕಿದಾಗ. ಆ ಹೊತ್ತಿಗೆ ಅವಳು ಕೋಣೆಯಲ್ಲಿ ಇರದಂತೆ ಮಾಡಿದರೆ? ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಹೆಂಗಸರು ಕುರ್ಚಿಯಲ್ಲಿ ಕೂತೇ ಕೋಲಾಟ ಆಡುವುದೆಂದೂ ಊಟವಾದ ಮೇಲೆ ದಿನಾ ಹಾಲ್‌ನಲ್ಲಿ ಅಭ್ಯಾಸವೆಂದೂ ಸಾರಿದೆವು. ಮ್ಯಾನೇಜರ್ ಖುಷಿಯಿಂದ ಹೊಸ ಕೋಲುಗಳನ್ನೇ ತರಿಸಿಕೊಟ್ಟ. ಫೋರ್‌ಮನ್ ಎಲ್ಲರೆದುರಿಗೆ ಬೇಡವೆನ್ನಲಾರದೆ ಹೂಂಗುಟ್ಟಿದರು.

ಅವಳಿಗೆ ಕೋಲಾಟ ಗೊತ್ತಿತ್ತು. ಹುಡುಗಿಯಾಗಿದ್ದಾಗ ಊರಿನಲ್ಲಿ ಆಡಿದ್ದಳಂತೆ. ಒಂದು ಕಿವಿ ಕೇಳಿಸದಿದ್ದರೂ ಲೆಕ್ಕ ತಪ್ಪುತ್ತಿರಲಿಲ್ಲ. ಎರಡನೆಯ ದಿನ ನಕ್ಕಳು. ಒಂದು ಪಕ್ಕದ ಹಲ್ಲು ಇಲ್ಲವೆಂದು ನಮಗೆ ತಿಳಿದದ್ದು ಆವಾಗಲೇ. ಫೋರ್‌ಮನ್ ದಿನಾ ಬಾಗಿಲಿಗೆ ಬಂದು ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ನಿಂತು ನೋಡಿ ಹೋಗುತ್ತಿದ್ದರು. ಅವರು ಹೋಗುವ ತನಕ ನಮ್ಮ ಕೋಲುಗಳು ತಾಳ ತಪ್ಪುತ್ತಿದ್ದವು.

ಹಬ್ಬಕ್ಕೆ ಇನ್ನು ಎರಡು ದಿನವಿದ್ದಾಗ ಅವರು ಒಳಗೆ ಬಂದರು. ಆ ದಿನ ಬೆಳಿಗ್ಗೆ ವ್ಯಾಯಾಮದಲ್ಲಿ ಎಣಿಕೆ ಮರೆತು ನಿಂತುಬಿಟ್ಟಿದ್ದರು, ಯಾರೋ ನಕ್ಕಿದ್ದರು. ಆ ಸಿಟ್ಟು ಇತ್ತೋ ಏನೋ.

"ಏಳ್ಲೇ," ಎಂದರು ಅವಳಿಗೆ. "ಕಾಲು ಒತ್ತೋಳು ಯಾರು? ನಿಮ್ಮಪ್ಪನಾ?"

"ಇನ್ನೊಂದು ಪದ ಐತೆ, ಮುಗಿಸ್ಕಂಡು ಬತ್ತೀನಿ," ಎಂದಳು.

ಅಷ್ಟೂ ವರ್ಷಗಳಲ್ಲಿ ಅವಳು ಆಡಿದ ಮೊದಲ ಎದುರುಮಾತು ಅದಿರಬೇಕು. ಫೋರ್‌ಮನ್ ನಾಲ್ಕು ಹೆಜ್ಜೆಯಲ್ಲಿ ಹಾಲ್ ದಾಟಿ, ಅವಳ ತುರುಬು ಹಿಡಿದು ಕುರ್ಚಿಯಿಂದ ಕೆಳಕ್ಕೆ ಎಳೆದರು. ಕುರ್ಚಿ ಮಗುಚಿತು. ಅವಳ ತಲೆ ನೆಲಕ್ಕೆ ಬಡಿಯಿತು. ಗೋಡೆಯಾಚೆಯಿಂದ ಕೇಳುತ್ತಿದ್ದ ಸದ್ದು ಈಗ ಕಣ್ಣೆದುರೇ ಆಯಿತು. ಬಿದ್ದವಳ ಪಕ್ಕೆಗೆ ಒದ್ದರು. ಊರುಗೋಲಿನಿಂದ ತೊಡೆಗೆ, ಬೆನ್ನಿಗೆ ಬಾರಿಸಿದರು. ಅವಳು ಮೊಣಕಾಲು ಎದೆಗೆ ಒತ್ತಿ ಮುದುಡಿಕೊಂಡಳು. ಮುದುಡಿದ ಆ ರೀತಿಯಲ್ಲೇ ಎಷ್ಟು ವರ್ಷದ ಅಭ್ಯಾಸ ಎಂಬುದು ಕಾಣುತ್ತಿತ್ತು. ಆಚೆ ಮೂಲೆಯಲ್ಲಿ ಕೇರಂ ಆಡುತ್ತಿದ್ದ ಗಂಡಸರು ಎದ್ದು ನಿಂತರು. ನಿಂತೇ ಇದ್ದರು.

ಊರುಗೋಲು ಮತ್ತೆ ಮೇಲೆದ್ದಾಗ ನಾನು ಕೈಯಲ್ಲಿದ್ದ ಕೋಲಿನಿಂದ ಅವರ ಮಣಿಕಟ್ಟಿಗೆ ಹೊಡೆದೆ. ಯೋಚಿಸಿ ಹೊಡೆದದ್ದಲ್ಲ. ಅವರು ನನ್ನ ಕಡೆ ತಿರುಗಿ ಮುಷ್ಟಿಯಿಂದ ಗುದ್ದಿದರು. ಕನ್ನಡಕ ಹಾರಿತು, ತುಟಿ ಸೀಳಿತು, ಬಾಯಿ ತುಂಬ ರಕ್ತ ಬಂತು. ಮುದಿ ಮನುಷ್ಯನ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ನಾನು ಎಣಿಸಿರಲಿಲ್ಲ. ನರ್ಸಮ್ಮ ಹಿಂದಿನಿಂದ ಅವರ ಮೊಣಕಾಲಿನ ಸಂದಿಗೆ ಬೀಸಿ ಹೊಡೆದರು. ಫೋರ್‌ಮನ್ ಮಂಡಿಯೂರಿ ಬಿದ್ದರು. ಊರುಗೋಲು ಕೈ ಜಾರಿತು.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅವಳು ಎದ್ದಳು. ತಲೆಯ ರಕ್ತ ಹುಬ್ಬಿನ ಮೇಲಿಂದ ಇಳಿಯುತ್ತಿತ್ತು. ಬಿದ್ದಿದ್ದ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು, ಹೊಲದಲ್ಲಿ ರಾಗಿ ತೆನೆ ಬಡಿಯುವ ಹಾಗೆ ಹೊಡೆಯತೊಡಗಿದಳು. ಹೆಗಲಿಗೆ, ತೋಳಿಗೆ, ತಲೆಗೆ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಅವಳ ಬಾಯಿಂದ ಒಂದು ಮಾತು ಇಲ್ಲ, ಬೈಗುಳ ಇಲ್ಲ, ಬರೀ ಉಸಿರು. ಫೋರ್‌ಮನ್ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು "ಅಮ್ಮಾ, ಅಮ್ಮಾ" ಎಂದು ಅಳುತ್ತಿದ್ದರು.

ನಾನು ತಡೆಯಲಿಲ್ಲ. ಸ್ವಲ್ಪ ಹೊತ್ತು ಯಾರೂ ತಡೆಯಲಿಲ್ಲ. ನನ್ನ ತುಟಿಯಿಂದ ರಕ್ತ ತೊಟ್ಟಿಕ್ಕುತ್ತಿದ್ದರೂ ಮೈಯೊಳಗೆ ಒಂದು ಸುಖ ಹರಿದಾಡುತ್ತಿತ್ತು. ಇನ್ನೂ ಒಂದು ಬೀಳಲಿ ಅನ್ನಿಸುತ್ತಿತ್ತು. ಆಮೇಲೆ ಆ ಮನುಷ್ಯನ ಪಂಚೆ ಒದ್ದೆಯಾದದ್ದು ಕಂಡಿತು. ಆಗ ನನಗೆ ಭಯವಾಯಿತು.

"ಪೋದುಂ ಮಾ, ಪೋದುಂ," ಸಾಕಮ್ಮ ಸಾಕು ಎಂದು ನರ್ಸಮ್ಮ ಅವಳನ್ನು ಹಿಂದಿನಿಂದ ತಬ್ಬಿ ಹಿಡಿದರು. ಅವಳು ತಿರುಗಿ ನರ್ಸಮ್ಮನ ಕೈಯನ್ನೇ ಕಚ್ಚಿದಳು. ಮೂವರು ಸೇರಿ ಊರುಗೋಲು ಕಸಿದುಕೊಳ್ಳಬೇಕಾಯಿತು.

ಆಂಬ್ಯುಲೆನ್ಸ್ ಬಂತು. ಫೋರ್‌ಮನ್‌ರ ಹೆಗಲೆಲುಬೂ ಮುಂಗೈಯೂ ಮುರಿದಿದ್ದವು. ಅವಳ ತಲೆಗೂ ನನ್ನ ತುಟಿಗೂ ಹೊಲಿಗೆ ಬಿತ್ತು. ಎಲ್ಲರೂ ಮೆಟ್ಟಿಲಿನಿಂದ ಬಿದ್ದದ್ದೆಂದು ಹೇಳೋಣ ಅಂದ ಮ್ಯಾನೇಜರ್. "ನಾಲ್ಕು ಜನ ಒಟ್ಟಿಗಾ?" ಎಂದರು ನರ್ಸಮ್ಮ, ಹಲ್ಲಿನ ಗುರುತು ಬಿದ್ದ ಕೈಗೆ ತಾವೇ ಬ್ಯಾಂಡೇಜ್ ಸುತ್ತಿಕೊಳ್ಳುತ್ತಾ. ಹೊಸೂರಿನಿಂದ ಬಂದ ಮಹಿಳಾ ಪೊಲೀಸ್ ಅಧಿಕಾರಿ ತಮಿಳಿನಲ್ಲಿ ಕೇಳಿದ್ದಕ್ಕೆ ನಾವು ನಡೆದದ್ದನ್ನು ನಡೆದ ಹಾಗೇ ಹೇಳಿದೆವು. ಆಕೆ ಅವಳ ರವಿಕೆಯ ತೋಳು ಮೇಲೆ ಸರಿಸಿ ನೋಡಿದಳು. ಹಳೆಯದು, ಹೊಸದು, ಒಂದರ ಮೇಲೊಂದು ಗಾಯ. "ಅಜ್ಜೀ, ಇಷ್ಟು ದಿನ ಯಾಕೆ ಸುಮ್ಮನಿದ್ದೆ?" ಎಂದು ಕೇಳಿದಳೇ ಹೊರತು ಅವಳ ಮೇಲೆ ಕೇಸು ಹಾಕಲಿಲ್ಲ.

ಮಗಳು ಮರುದಿನ ಬೆಳಿಗ್ಗೆ ಕೃಷ್ಣಗಿರಿಯಿಂದ ಬಂದಳು. ನಮ್ಮೆದುರಿಗೇ ತಾಯಿಯ ಮೇಲೆ ಹರಿಹಾಯ್ದಳು.

"ಅಪ್ಪಂಗೆ ಕಾಯಿಲೆ ಅಂತ ಗೊತ್ತಲ್ವಾ? ಅವ್ರಿಗೆ ಬುದ್ಧಿ ಇಲ್ಲ, ನಿಂಗೂ ಇಲ್ವಾ? ಮುರ್ದು ಹಾಕಿದೀಯಲ್ಲಮ್ಮಾ!"

ಅವಳು ತಲೆಯ ಬ್ಯಾಂಡೇಜ್ ಮುಟ್ಟಿಕೊಂಡು ಬಹಳ ಮೆಲ್ಲಗೆ ಹೇಳಿದಳು: "ಬುದ್ಧಿ ನೆಟ್ಟಗಿದ್ದಾಗ್ಲೂ ಹೊಡೀತಿದ್ರು ಕಣವ್ವಾ. ನೀನು ಮಂಚದ ಕೆಳ್ಗೆ ಕುಂತು ನೋಡ್ತಿದ್ದಲ್ಲ."

ಮಗಳು ಗೋಡೆಗೆ ಒರಗಿ, ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ತಂದೆಯನ್ನು ನೋಡಿಕೊಳ್ಳಲು ಜೂಜುವಾಡಿ ಗಡಿಯ ಆಚೆ, ಅತ್ತಿಬೆಲೆ ಕಡೆ ಒಂದು ಜಾಗ ಗೊತ್ತುಮಾಡಿದವಳೂ ಅವಳೇ.

ಇಷ್ಟಾದ ಮೇಲೆ ನಮ್ಮ ಗಂಡಸರು ಸಭೆ ಕರೆದರು. ಫೋರ್‌ಮನ್ ವಿಷಯಕ್ಕೆ ಒಂದು ದಿನವೂ ಸೇರದ ಸಭೆ. ಇಂಥ ಹೆಂಗಸು ಇಲ್ಲಿದ್ದರೆ ನಮಗೆ ಸುರಕ್ಷತೆ ಏನು ಎಂದು ಒಬ್ಬರು ಕೇಳಿದರು. ನಾನು ಎದ್ದು ನಿಂತು, ಊದಿದ ತುಟಿಯಲ್ಲೇ, "ಅವಳು ಹೋದರೆ ನಾನೂ ಹೋಗುತ್ತೇನೆ. ಹೊಡೆದವರಲ್ಲಿ ಮೊದಲನೆಯವಳು ನಾನು," ಎಂದೆ. ನರ್ಸಮ್ಮ ಎದ್ದರು. ಅವರ ಹಿಂದೆ ಕೋಲಾಟದ ಹೆಂಗಸರೆಲ್ಲ ಎದ್ದರು. ಅವಳು ಉಳಿದಳು.

ಉಳಿದಳು ಅಂದರೆ ಎಲ್ಲ ಸರಿಹೋಯಿತೆಂದಲ್ಲ. ಕೇಳಿಸದ ಕಡೆಯಿಂದ ಯಾರಾದರೂ ಬಂದು ಹೆಗಲು ಮುಟ್ಟಿದರೆ ತಿರುಗಿ ಹೊಡೆದುಬಿಡುತ್ತಿದ್ದಳು. ಅಡುಗೆಯವಳಿಗೆ ಒಮ್ಮೆ ಮೂಗಿನಲ್ಲಿ ರಕ್ತ ಬಂತು. ಆಮೇಲೆ ತಾನೇ ಅವಳ ಕಾಲು ಹಿಡಿದು ಗೋಳಾಡಿದಳು. ನಾವೆಲ್ಲ ಅವಳ ಎದುರಿನಿಂದಲೇ ಬರುವುದನ್ನು ಕಲಿತೆವು.

ಬೇಸಿಗೆಯಲ್ಲಿ ಒಂದು ದಿನ, "ಅವ್ರನ್ನ ನೋಡ್ಬೇಕು, ಜೊತೇಗೆ ಬತ್ತೀರಾ?" ಎಂದು ಕೇಳಿದಳು. ಕಾರು ಮಾಡಿಕೊಂಡು ಹೋದೆವು. ಅಲ್ಲಿ ಅವರನ್ನು ಮಂಚಕ್ಕೆ ಬಟ್ಟೆಪಟ್ಟಿಯಿಂದ ಕಟ್ಟಿದ್ದರು. ಊಟ ಕೊಡಲು ಬಂದವರಿಗೆಲ್ಲ ಹೊಡೆಯುತ್ತಾರಂತೆ. ಮೈ ಇಳಿದು ಅರ್ಧವಾಗಿದ್ದರು. ಆಯಾ ಪಟ್ಟಿ ಸಡಿಲಿಸಿ, "ಯಾರು ಬಂದಿದಾರೆ ನೋಡಿ ತಾತಾ," ಎಂದಳು. ಅವರು ಅವಳನ್ನು ನೋಡಿದರು. ಗುರುತು ಸಿಗಲಿಲ್ಲ. ಆದರೆ ಅವಳು ನೀರು ಕುಡಿಸಲೆಂದು ಕೈ ಎತ್ತಿದ ಕೂಡಲೇ ತಲೆ ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದರು.

ಅವಳು ಲೋಟ ಕೆಳಗಿಟ್ಟು ಹೊರಗೆ ಬಂದಳು.

ಬರುವಾಗ ಜೂಜುವಾಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತು ನಮ್ಮ ಕಾರು ಕದಲಲಿಲ್ಲ. ಹಾರ್ನ್‌ಗಳ ಮಧ್ಯೆ ಅವಳು ನನ್ನ ಕಡೆ ತಿರುಗಿ ಕೇಳಿದಳು:

"ಪಾಪ ಅನ್ನಿಸ್ಲಿಲ್ಲ ಟೀಚರಮ್ಮಾ. ಅನ್ನಿಸ್ಬೇಕಿತ್ತಾ?"

"ಗೊತ್ತಿಲ್ಲ ಕಣಮ್ಮಾ," ಎಂದೆ. ಅವಳು ಕಿಟಕಿಯ ಗಾಜು ಇಳಿಸಿ, ರಸ್ತೆ ಬದಿಯಲ್ಲಿ ಬೇಯಿಸಿದ ಕಡಲೇಕಾಯಿ ಮಾರುತ್ತಿದ್ದವನನ್ನು ಗಟ್ಟಿಯಾಗಿ ಕೂಗಿ ಕರೆದಳು.